ಮುಖ್ಯ ಕಾರ್ಯನಿರ್ವಹಣಾಧಿಕಾರಿಯ ನಿವೃತ್ತಿ ಮತ್ತು ಷೇರುದಾರರ ಸಂಪತ್ತು

ದೀರ್ಘಕಾಲ ಒಂದು ಕಂಪನಿಯನ್ನು ಮುನ್ನಡೆಸಿ ದಂತಕಥೆಯೆನಿಸಿದ ಮುಖ್ಯ ಕಾರ್ಯನಿರ್ವಹಣಾಧಿಕಾರಿಯು (ಸಿಇಒ) ಅಧಿಕಾರದಿಂದ ಇಳಿದಾಗ ಆ ಕಂಪನಿಯ ಷೇರುದಾರರ ಸಂಪತ್ತಿನ ಮೇಲೆ ಆಗುವ ಪರಿಣಾಮವು ಹಣಕಾಸು ಶಾಸ್ತ್ರ ಹಾಗೂ ಕಂಪನಿ ಆಡಳಿತದ ಅಧ್ಯಯನದಲ್ಲಿ ಪ್ರಮುಖ ವಿಷಯವಾಗಿದೆ. ನಿವೃತ್ತಿಯ ಸುದ್ದಿ ಹೊರಬಿದ್ದ ದಿನ ಷೇರಿನ ಬೆಲೆಯಲ್ಲಿ ಕಾಣುವ ಏರಿಳಿತ ಈ ಪರಿಣಾಮದ ಒಂದು ಭಾಗ ಮಾತ್ರ. ಉತ್ತರಾಧಿಕಾರಿಯ ಆಯ್ಕೆ, ಹಿರಿಯ ಅಧಿಕಾರಿಗಳ ನಿರ್ಗಮನ, ನಿವೃತ್ತರು ಮರಳಿ ಬರುವ ಸಾಧ್ಯತೆ, ಅವರ ಕುಟುಂಬದ ಬಳಿ ಉಳಿದ ಷೇರುಗಳು ಇವೆಲ್ಲವೂ ಅನೇಕ ವರ್ಷಗಳ ಕಾಲ ಬೆಲೆಯ ಮೇಲೆ ಪ್ರಭಾವ ಬೀರುತ್ತವೆ. ಕರ್ನಾಟಕದಲ್ಲಿ ಇದರ ಅತ್ಯಂತ ಪ್ರಸಿದ್ಧ ನಿದರ್ಶನ ಬೆಂಗಳೂರಿನ ಇನ್ಫೋಸಿಸ್ ಕಂಪನಿಯದು. ಅದರ ಸಂಸ್ಥಾಪಕ ಎನ್. ಆರ್. ನಾರಾಯಣ ಮೂರ್ತಿ ಅವರು ಹಂತಹಂತವಾಗಿ ನಿವೃತ್ತರಾಗಿ, ಮರಳಿ ಬಂದು, ಪುನಃ ನಿರ್ಗಮಿಸಿದರು. ಈ ಇತಿಹಾಸದಲ್ಲಿ ಷೇರುದಾರರಿಗೆ ಹೆಚ್ಚು ನಷ್ಟವಾದದ್ದು ನಿವೃತ್ತಿಯ ದಿನಗಳಲ್ಲಲ್ಲ. ನಿವೃತ್ತಿ ಅಪೂರ್ಣವಾಗಿ ಉಳಿದ ಅವಧಿಯಲ್ಲಿ ಎಂಬುದು ಗಮನಾರ್ಹ.

ಷೇರುದಾರರು ಯಾರು

ಷೇರುದಾರರೆಂದರೆ ಮುಂಬಯಿಯ ದಲಾಲರು, ವಿದೇಶಿ ನಿಧಿಗಳು, ನಗರದ ಶ್ರೀಮಂತರು ಎಂಬ ಭಾವನೆ ಗ್ರಾಮೀಣ ಭಾಗಗಳಲ್ಲಿ ಇಂದಿಗೂ ಇದೆ. ವಸ್ತುಸ್ಥಿತಿ ಬೇರೆ. ಕರ್ನಾಟಕ ಸರ್ಕಾರದ ಸೇವೆಗೆ 2006ರ ಏಪ್ರಿಲ್ 1ರಂದು ಅಥವಾ ಅನಂತರ ಸೇರಿದ ನೌಕರರು ರಾಷ್ಟ್ರೀಯ ಪಿಂಚಣಿ ಯೋಜನೆಯ ವ್ಯಾಪ್ತಿಗೆ ಬಂದರು. ಈ ಯೋಜನೆಯ ಹಣದ ಒಂದು ಭಾಗ ಷೇರುಗಳಲ್ಲಿ ಹೂಡಿಕೆಯಾಗುತ್ತದೆ. ನೌಕರರ ಭವಿಷ್ಯ ನಿಧಿ ಸಂಘಟನೆಯೂ 2015ರ ಆಗಸ್ಟ್‌ನಿಂದ ಸೂಚ್ಯಂಕ ಆಧಾರಿತ ನಿಧಿಗಳ ಮೂಲಕ ಷೇರುಪೇಟೆಯನ್ನು ಪ್ರವೇಶಿಸಿದೆ. ಇನ್ಫೋಸಿಸ್ ಸೆನ್ಸೆಕ್ಸ್ ಹಾಗೂ ನಿಫ್ಟಿ ಎರಡೂ ಸೂಚ್ಯಂಕಗಳ ಪ್ರಮುಖ ಘಟಕ. ಹೀಗಾಗಿ ಸುರಪುರ ತಾಲ್ಲೂಕಿನ ದೇವಾಪುರದಂತಹ ಊರಿನಲ್ಲಿ ಪಾಠ ಹೇಳುವ ಶಿಕ್ಷಕನೊಬ್ಬ ತನ್ನ ಹೆಸರಿನಲ್ಲಿ ಒಂದೂ ಷೇರು ಕೊಳ್ಳದಿದ್ದರೂ, ಬೆಂಗಳೂರಿನ ಕಂಪನಿಯ ಮುಖ್ಯಸ್ಥರು ಯಾವಾಗ, ಹೇಗೆ ಇಳಿಯುತ್ತಾರೆ ಎಂಬುದು ಅವನ ಮುಪ್ಪಿನ ಹಣಕ್ಕೆ ಸಂಬಂಧಿಸಿದ ವಿಷಯವೇ ಆಗಿರುತ್ತದೆ.

ಯಾದಗಿರಿ ಜಿಲ್ಲೆಗೆ ಇನ್ನೊಂದು ನಂಟೂ ಇದೆ. ಈ ಜಿಲ್ಲೆಯ ಸರ್ಕಾರಿ ಶಾಲೆಗಳಲ್ಲಿ, ವಿಶೇಷವಾಗಿ ಸುರಪುರ ತಾಲ್ಲೂಕಿನಲ್ಲಿ, ದೀರ್ಘಕಾಲ ಶಿಕ್ಷಣ ಸುಧಾರಣೆಯ ಕೆಲಸ ಮಾಡಿರುವ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ಮೂಲಧನ ಬಹುಪಾಲು ವಿಪ್ರೊ ಕಂಪನಿಯ ಷೇರುಗಳಿಂದ ಬಂದದ್ದು. ವಿಪ್ರೊದ ಉತ್ತರಾಧಿಕಾರದ ಪ್ರಶ್ನೆ ಈ ಕಾರಣದಿಂದ ಶಾಲೆಯ ಅಂಗಳದವರೆಗೂ ಬರುತ್ತದೆ.

ಮೌಲ್ಯದ ಲೆಕ್ಕ

ಒಂದು ಷೇರಿನ ಬೆಲೆಯೆಂದರೆ ಕಂಪನಿಯು ಮುಂದೆ ಗಳಿಸಬಹುದಾದ ಲಾಭದ ಕುರಿತು ಮಾರುಕಟ್ಟೆ ಇಂದು ಕಟ್ಟುವ ಅಂದಾಜು. ಆ ಅಂದಾಜಿನಲ್ಲಿ ಕಾರ್ಖಾನೆ, ಕಟ್ಟಡ, ಒಪ್ಪಂದಗಳ ಜೊತೆಗೆ ನಾಯಕತ್ವದ ಮೇಲಿನ ನಂಬಿಕೆಯೂ ಸೇರಿರುತ್ತದೆ. ಉದಾಹರಣೆಗೆ ಒಂದು ಕಂಪನಿ ಪ್ರತಿ ಷೇರಿಗೆ ವರ್ಷಕ್ಕೆ 50 ರೂಪಾಯಿ ಗಳಿಸುತ್ತಿದೆ ಎಂದುಕೊಳ್ಳೋಣ. ಹೂಡಿಕೆದಾರರು ಆ ಗಳಿಕೆಯ 20 ಪಟ್ಟು ಕೊಡಲು ಸಿದ್ಧರಿದ್ದರೆ ಷೇರಿನ ಬೆಲೆ 1,000 ರೂಪಾಯಿ. ಮುಖ್ಯಸ್ಥರು ನಿವೃತ್ತರಾಗುವ ಸುದ್ದಿ ಬಂದು, ಮುಂದಿನವರ ಮೇಲೆ ಅಷ್ಟು ಭರವಸೆಯಿಲ್ಲವೆಂದು 18 ಪಟ್ಟು ಮಾತ್ರ ಕೊಡಲು ಮುಂದಾದರೆ ಬೆಲೆ 900ಕ್ಕೆ ಇಳಿಯುತ್ತದೆ. ಲಾಭದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗದೆ ಶೇ 10ರಷ್ಟು ಸಂಪತ್ತು ಕರಗಿತು. ಲಾಭ–ಬೆಲೆಗಳ ಈ ಅನುಪಾತವನ್ನು ಗಳಿಕೆಯ ಗುಣಕ ಎನ್ನಬಹುದು. ಹೆಸರಾಂತ ಮುಖ್ಯಸ್ಥರ ಪ್ರಭಾವ ಹೆಚ್ಚಾಗಿ ಕೆಲಸ ಮಾಡುವುದು ಇಲ್ಲಿಯೇ.

ನಿವೃತ್ತಿಯ ಪರಿಣಾಮವನ್ನು ಅಳೆಯುವಾಗ ಆ ದಿನ ಇಡೀ ಮಾರುಕಟ್ಟೆ ಎಷ್ಟು ಚಲಿಸಿತು ಎಂಬುದನ್ನು ಮೊದಲು ಕಳೆಯಬೇಕು. ಷೇರು ಶೇ 3 ಇಳಿದು, ಸೂಚ್ಯಂಕವೂ ಶೇ 3 ಇಳಿದಿದ್ದರೆ ನಿವೃತ್ತಿಗೆ ಹೊರಿಸಬೇಕಾದ ನಷ್ಟ ಹೆಚ್ಚೂಕಡಿಮೆ ಶೂನ್ಯ. ಅಳೆಯಬೇಕಾದದ್ದು ಸುದ್ದಿ ತಿಳಿದ ದಿನವನ್ನೇ ಹೊರತು ಕುರ್ಚಿ ಬಿಟ್ಟ ದಿನವನ್ನಲ್ಲ. ವರ್ಷದ ಮುಂಚೆಯೇ ಗೊತ್ತಿದ್ದ ನಿವೃತ್ತಿ ಜಾರಿಗೆ ಬಂದ ದಿನ ಬೆಲೆ ಅಲುಗಾಡದಿದ್ದರೆ, ನಾಯಕರಿಗೆ ಬೆಲೆಯೇ ಇರಲಿಲ್ಲವೆಂದು ಅರ್ಥವಲ್ಲ. ಮಾರುಕಟ್ಟೆ ಆ ಲೆಕ್ಕವನ್ನು ಮೊದಲೇ ಮುಗಿಸಿರುತ್ತದೆ. ಪತ್ರಿಕಾ ಶೀರ್ಷಿಕೆಗಳು ಈ ಎರಡು ಎಚ್ಚರಿಕೆಗಳನ್ನೂ ಸಾಮಾನ್ಯವಾಗಿ ಮರೆಯುತ್ತವೆ.

ಇನ್ಫೋಸಿಸ್

ಇನ್ಫೋಸಿಸ್ 1981ರ ಜುಲೈನಲ್ಲಿ ಪುಣೆಯಲ್ಲಿ ಏಳು ಮಂದಿ ಎಂಜಿನಿಯರುಗಳಿಂದ ಸ್ಥಾಪನೆಯಾಯಿತು. ನಾರಾಯಣ ಮೂರ್ತಿ, ನಂದನ್ ನಿಲೇಕಣಿ, ಎಸ್. ಗೋಪಾಲಕೃಷ್ಣನ್, ಎಸ್. ಡಿ. ಶಿಬುಲಾಲ್, ಕೆ. ದಿನೇಶ್, ಎನ್. ಎಸ್. ರಾಘವನ್ ಮತ್ತು ಅಶೋಕ್ ಅರೋರಾ ಇದರ ಸಂಸ್ಥಾಪಕರು. ಸುಧಾ ಮೂರ್ತಿ ಅವರು ತಮ್ಮ ಉಳಿತಾಯದಿಂದ ಕೊಟ್ಟ 10,000 ರೂಪಾಯಿ ಆರಂಭಿಕ ಬಂಡವಾಳವಾಗಿತ್ತು. 1983ರಲ್ಲಿ ಕಂಪನಿ ಬೆಂಗಳೂರಿಗೆ ಸ್ಥಳಾಂತರಗೊಂಡಿತು. 1993ರಲ್ಲಿ ತಲಾ 95 ರೂಪಾಯಿಗೆ ಷೇರುಗಳನ್ನು ಸಾರ್ವಜನಿಕರಿಗೆ ನೀಡಿದಾಗ ಅವು ಪೂರ್ಣವಾಗಿ ಮಾರಾಟವಾಗಲಿಲ್ಲ. ಉಳಿದವನ್ನು ಅಮೆರಿಕದ ಮಾರ್ಗನ್ ಸ್ಟಾನ್ಲಿ ಸಂಸ್ಥೆ ಕೊಂಡಿತು. 1999ರಲ್ಲಿ ನ್ಯಾಸ್ಡಾಕ್ ವಿನಿಮಯ ಕೇಂದ್ರದಲ್ಲಿ ನೋಂದಣಿಯಾಗುವ ವೇಳೆಗೆ ಇನ್ಫೋಸಿಸ್ ಮತ್ತು ಮೂರ್ತಿ ಎಂಬ ಎರಡು ಹೆಸರುಗಳನ್ನು ಬೇರ್ಪಡಿಸಿ ನೋಡುವುದು ಕಷ್ಟವಾಗಿತ್ತು. ಸಿಬ್ಬಂದಿಗೆ ಷೇರು ಹಂಚಿದ್ದು, ಲೆಕ್ಕಪತ್ರಗಳನ್ನು ಬಿಚ್ಚಿಟ್ಟದ್ದು, ಸರಳ ಜೀವನ ಇವೆಲ್ಲ ಅವರ ಖ್ಯಾತಿಯ ಭಾಗವಾಗಿದ್ದವು.

ಷೇರುದಾರರಿಗೆ ಆದ ಲಾಭದ ಪ್ರಮಾಣವನ್ನು ಒಂದು ಲೆಕ್ಕದಿಂದ ತಿಳಿಯಬಹುದು. 1993ರಲ್ಲಿ 9,500 ರೂಪಾಯಿಗೆ 100 ಷೇರು ಕೊಂಡು ಮಾರದೆ ಇಟ್ಟುಕೊಂಡವರ ಬಳಿ 1994, 1997, 1999, 2004 ಮತ್ತು 2006ರ ಬೋನಸ್‌ಗಳು ಹಾಗೂ 2000ದ ಷೇರು ವಿಭಜನೆಯ ಫಲವಾಗಿ 12,800 ಷೇರುಗಳಾದವು. ಮೂರ್ತಿಯವರು ಅಧ್ಯಕ್ಷ ಸ್ಥಾನದಿಂದ ಇಳಿದ 2011ರ ಆಗಸ್ಟ್‌ನಲ್ಲಿ ಷೇರಿನ ಬೆಲೆ 2,000 ರೂಪಾಯಿಗಿಂತ ಹೆಚ್ಚಿತ್ತು. ಅಂದರೆ ಆ 9,500 ರೂಪಾಯಿ ಎರಡೂವರೆ ಕೋಟಿಯನ್ನು ದಾಟಿತ್ತು. 2014, 2015 ಮತ್ತು 2018ರಲ್ಲಿ ಇನ್ನೂ ಮೂರು ಬಾರಿ ಒಂದಕ್ಕೊಂದರಂತೆ ಬೋನಸ್ ಬಂದು ಷೇರುಗಳ ಸಂಖ್ಯೆ 1,02,400ಕ್ಕೆ ಏರಿತು. ಹಳೆಯ ಪತ್ರಿಕೆಯ ಬೆಲೆಯನ್ನು ಇಂದಿನ ನಕ್ಷೆಯ ಬೆಲೆಯೊಂದಿಗೆ ಹೋಲಿಸುವ ವಿದ್ಯಾರ್ಥಿಗಳು ಈ ಬೋನಸ್‌ಗಳನ್ನು ಗಮನಿಸದಿದ್ದರೆ ಇಲ್ಲದ ಕುಸಿತಗಳನ್ನು ಕಾಣುವ ಅಪಾಯವಿದೆ.

ಮೂರ್ತಿಯವರ ನಿವೃತ್ತಿ ಒಂದೇ ದಿನದಲ್ಲಿ ನಡೆಯಲಿಲ್ಲ. 21 ವರ್ಷಗಳ ಕಾಲ ಸಿಇಒ ಆಗಿದ್ದು 2002ರ ಮಾರ್ಚ್‌ನಲ್ಲಿ ಆ ಹುದ್ದೆಯನ್ನು ನಿಲೇಕಣಿಯವರಿಗೆ ಒಪ್ಪಿಸಿದರು. 60 ವರ್ಷ ತುಂಬಿದ 2006ರ ಆಗಸ್ಟ್ 20ರಂದು ದೈನಂದಿನ ಆಡಳಿತದಿಂದ ದೂರ ಸರಿದು ಅಧ್ಯಕ್ಷರಾಗಿ ಮಾತ್ರ ಉಳಿದರು. 65 ತುಂಬಿದ 2011ರ ಆಗಸ್ಟ್ 20ರಂದು ಅದನ್ನೂ ಬಿಟ್ಟು ಗೌರವಾಧ್ಯಕ್ಷರಾದರು. ಬ್ಯಾಂಕಿಂಗ್ ಕ್ಷೇತ್ರದ ಕೆ. ವಿ. ಕಾಮತ್ ಅಧ್ಯಕ್ಷರಾದರು. ಸಿಇಒ ಹುದ್ದೆ ನಿಲೇಕಣಿಯವರಿಂದ 2007ರಲ್ಲಿ ಗೋಪಾಲಕೃಷ್ಣನ್ ಅವರಿಗೂ, 2011ರಲ್ಲಿ ಶಿಬುಲಾಲ್ ಅವರಿಗೂ ಹೋಯಿತು. ಪ್ರತಿಯೊಂದು ಹಂತವೂ ಮೊದಲೇ ತಿಳಿದಿದ್ದರಿಂದ ಷೇರುಪೇಟೆಗೆ ಆಶ್ಚರ್ಯಪಡಲು ಏನೂ ಇರಲಿಲ್ಲ.

ನಿಲೇಕಣಿಯವರ ಕಾಲದಲ್ಲಿ ವಾರ್ಷಿಕ ಆದಾಯ 2003–04ರಲ್ಲಿ 100 ಕೋಟಿ ಡಾಲರ್‌ ದಾಟಿತು, 2006–07ರಲ್ಲಿ 300 ಕೋಟಿ ಡಾಲರ್‌ ಮೀರಿತು. ಆದರೂ ಅವರು ಅಧಿಕಾರ ವಹಿಸಿಕೊಂಡ ಮರುವರ್ಷ, 2003ರ ಏಪ್ರಿಲ್‌ನಲ್ಲಿ, ಷೇರು ಒಂದೇ ದಿನ ಶೇ 25ಕ್ಕೂ ಹೆಚ್ಚು ಕುಸಿದಿತ್ತು. ಇದಕ್ಕೆ ಕಾರಣ ಮುಂದಿನ ವರ್ಷದ ಗಳಿಕೆಯ ಮುನ್ನಂದಾಜು ನಿರೀಕ್ಷೆಗಿಂತ ಕೆಳಗಿದ್ದದ್ದು, ಮುಖ್ಯಸ್ಥರ ಬದಲಾವಣೆಯಲ್ಲ. 2011ರ ಏಪ್ರಿಲ್ 15ರಂದೂ ಇದೇ ಬಗೆಯ ಗೊಂದಲವಾಯಿತು. ನಿರೀಕ್ಷೆ ತಲುಪದ ಫಲಿತಾಂಶ ಮತ್ತು ನಿರ್ದೇಶಕ ಟಿ. ವಿ. ಮೋಹನದಾಸ್ ಪೈ ಅವರ ನಿರ್ಗಮನದ ಸುದ್ದಿ ಒಂದೇ ದಿನ ಬಂದು, ಷೇರು ಶೇ 10ರ ಸಮೀಪ ಇಳಿಯಿತು. ಅದರಲ್ಲಿ ಫಲಿತಾಂಶದ ಪಾಲೆಷ್ಟು, ವ್ಯಕ್ತಿಯ ಪಾಲೆಷ್ಟು ಎಂದು ಬಿಡಿಸುವುದು ಸಾಧ್ಯವಿಲ್ಲ.

ಸಂಸ್ಥಾಪಕರೇ ಸರದಿಯಂತೆ ಸಿಇಒ ಆಗುವ ಪದ್ಧತಿಗೆ ಟೀಕೆಗಳಿದ್ದವು. ಶಾಂತವಾಗಿ ನಡೆದುಕೊಂಡು ಬಂದ ಹಸ್ತಾಂತರಗಳು ನಿಜವಾದ ಪ್ರಶ್ನೆಯನ್ನು, ಅಂದರೆ ಸಂಸ್ಥಾಪಕರಲ್ಲದವರು ಈ ಕಂಪನಿಯನ್ನು ನಡೆಸಬಲ್ಲರೇ ಎಂಬುದನ್ನು, ಮುಂದೂಡುತ್ತಲೇ ಬಂದವು ಎನ್ನಬಹುದು. 2012ರಲ್ಲಿ ತ್ರೈಮಾಸಿಕ ಆದಾಯದಲ್ಲಿ ಕಾಗ್ನಿಜೆಂಟ್ ಇನ್ಫೋಸಿಸ್ಸನ್ನು ಹಿಂದಿಕ್ಕಿತು. 2013ರ ಏಪ್ರಿಲ್ 12ರಂದು ದುರ್ಬಲ ಮುನ್ನಂದಾಜಿನಿಂದ ಷೇರು ಶೇ 21ರಷ್ಟು ಕುಸಿಯಿತು. ಏಳು ವಾರಗಳ ನಂತರ, ಜೂನ್ 1ರ ಶನಿವಾರ, ನಿವೃತ್ತರಾಗಿದ್ದ ಮೂರ್ತಿಯವರನ್ನು ಕಾರ್ಯನಿರ್ವಾಹಕ ಅಧ್ಯಕ್ಷರಾಗಿ ಮರಳಿ ಕರೆಸಲಾಯಿತು. ಅವರು ವರ್ಷಕ್ಕೆ ಒಂದು ರೂಪಾಯಿ ಸಂಬಳಕ್ಕೆ ಒಪ್ಪಿದರು. ಪುತ್ರ ರೋಹನ್ ಮೂರ್ತಿ ಅವರ ಕಾರ್ಯನಿರ್ವಾಹಕ ಸಹಾಯಕರಾಗಿ ಬಂದರು. ಸೋಮವಾರ ಪೇಟೆ ತೆರೆದಾಗ ಷೇರಿನ ಬೆಲೆ ಏರಿತು.

ಆ ಏರಿಕೆಯಲ್ಲಿ ಮೆಚ್ಚುಗೆಯಷ್ಟೇ ಅಲ್ಲ, ಆತಂಕದ ಗುರುತೂ ಇತ್ತು. ಮೂವತ್ತೆರಡು ವರ್ಷಗಳ ಕಂಪನಿಗೆ ಸಂಕಟ ಬಂದಾಗ ಹಳೆಯ ಯಜಮಾನರ ಹೊರತು ಇನ್ನಾರೂ ಕಾಣಲಿಲ್ಲವೆಂದರೆ, ಆ ಯಜಮಾನರ ನಂತರದ ದಿನಗಳಿಗೆ ಮಾರುಕಟ್ಟೆ ಹೆಚ್ಚು ಬೆಲೆ ಕಟ್ಟಲಾರದು. ಮುಂದಿನ ಒಂದು ವರ್ಷದಲ್ಲಿ ವೆಚ್ಚ ನಿಯಂತ್ರಣದಿಂದ ಲಾಭದ ಅಂಚು ಸುಧಾರಿಸಿದರೂ, ಅಶೋಕ್ ವೇಮುರಿ, ವಿ. ಬಾಲಕೃಷ್ಣನ್, ಬಿ. ಜಿ. ಶ್ರೀನಿವಾಸ್ ಸೇರಿದಂತೆ ಹತ್ತಕ್ಕೂ ಹೆಚ್ಚು ಹಿರಿಯರು ಕಂಪನಿ ಬಿಟ್ಟರು. ಮುಂದಿನ ಸಿಇಒ ಆಗಬಹುದೆಂದು ಹೆಸರು ಕೇಳಿಬರುತ್ತಿದ್ದ ಶ್ರೀನಿವಾಸ್ ಅವರ ರಾಜೀನಾಮೆಯ ಸುದ್ದಿ 2014ರ ಮೇ ಕೊನೆಯ ವಾರದಲ್ಲಿ ಹೊರಬಿದ್ದಾಗ ಷೇರು ಒಂದೇ ದಿನ ಶೇ 8ರ ಆಸುಪಾಸು ಇಳಿಯಿತು. ದಂತಕಥೆಯಾದ ಸಂಸ್ಥಾಪಕರ ನಿವೃತ್ತಿಗೆ ಅಲುಗದ ಬೆಲೆ, ಉತ್ತರಾಧಿಕಾರಿಯಾಗಬಹುದಾಗಿದ್ದ ವ್ಯಕ್ತಿಯ ನಿರ್ಗಮನಕ್ಕೆ ಅಲುಗಿತು. ಷೇರುದಾರರು ಭಯಪಟ್ಟದ್ದು ಯಾವುದಕ್ಕೆ ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಘಟನೆ ಈ ಇತಿಹಾಸದಲ್ಲಿ ಇನ್ನೊಂದಿಲ್ಲ.

2014ರ ಜೂನ್‌ನಲ್ಲಿ ಜರ್ಮನಿಯ ಸ್ಯಾಪ್ ಕಂಪನಿಯಲ್ಲಿದ್ದ ವಿಶಾಲ್ ಸಿಕ್ಕಾ ಅವರನ್ನು ಸಿಇಒ ಆಗಿ ಆರಿಸಲಾಯಿತು. ಆಗಸ್ಟ್ 1ರಂದು ಅಧಿಕಾರ ವಹಿಸಿಕೊಂಡ ಅವರು ಸಂಸ್ಥಾಪಕರಲ್ಲದ ಮೊದಲ ಸಿಇಒ. ಐದು ವರ್ಷಗಳ ಅವಧಿಗೆ ಬಂದಿದ್ದ ಮೂರ್ತಿಯವರು ಅಕ್ಟೋಬರ್‌ನಲ್ಲಿ ಆಡಳಿತದಿಂದ ಪುನಃ ನಿರ್ಗಮಿಸಿದರು. ಅದೇ ಡಿಸೆಂಬರ್‌ನಲ್ಲಿ ನಾಲ್ವರು ಸಂಸ್ಥಾಪಕರು ಮತ್ತು ಅವರ ಕುಟುಂಬದವರು ಸುಮಾರು 6,500 ಕೋಟಿ ರೂಪಾಯಿಯ ಷೇರುಗಳನ್ನು ಮಾರಿದರು. ಅಂದು ಬೆಲೆ ಸುಮಾರು ಶೇ 5ರಷ್ಟು ಕುಗ್ಗಿತು. ನಿವೃತ್ತರ ಬಳಿಯಿರುವ ದೊಡ್ಡ ಪಾಲು ಪೇಟೆಗೆ ಬರಬಹುದೆಂಬ ಭಯ ನಿವೃತ್ತಿಯ ಇನ್ನೊಂದು ಪರಿಣಾಮ. ಆದರೆ ಆ ಇಳಿಕೆ ತಾತ್ಕಾಲಿಕವಾಗಿತ್ತು. ಹೊಸ ಸಿಇಒ ಮೇಲಿನ ಭರವಸೆಯಿಂದ ಮುಂದಿನ ಒಂದೂವರೆ ವರ್ಷ ಷೇರು ಮೇಲೇರಿತು.

2017ರ ಆರಂಭದಿಂದ ಸಂಸ್ಥಾಪಕರು ಮತ್ತು ಆಡಳಿತ ಮಂಡಳಿಯ ನಡುವೆ ಬಹಿರಂಗ ವಿವಾದ ಎದ್ದಿತು. ಮಾಜಿ ಹಣಕಾಸು ಮುಖ್ಯಸ್ಥರಿಗೆ ನಿರ್ಗಮನದ ವೇಳೆ ಒಪ್ಪಿಕೊಂಡ ಮೊತ್ತ, ಸಿಇಒ ವೇತನ, 20 ಕೋಟಿ ಡಾಲರ್‌ಗೆ ಕೊಂಡ ಇಸ್ರೇಲಿನ ಪನಾಯಾ ಕಂಪನಿಯ ವ್ಯವಹಾರ ಇವುಗಳ ಬಗ್ಗೆ ಮೂರ್ತಿಯವರು ಪ್ರಶ್ನೆಗಳನ್ನೆತ್ತಿದರು. ತಮ್ಮದು ಕಂಪನಿಯ ಆಡಳಿತದ ಗುಣಮಟ್ಟದ ಕುರಿತ ಕಾಳಜಿ, ತಮಗಾಗಲಿ ಮಕ್ಕಳಿಗಾಗಲಿ ಹಣವನ್ನೋ ಸ್ಥಾನವನ್ನೋ ಬಯಸಿಲ್ಲ ಎಂಬುದು ಅವರ ನಿಲುವಾಗಿತ್ತು. ಸ್ವತಂತ್ರ ತನಿಖೆಯಲ್ಲಿ ಅಕ್ರಮ ಕಂಡುಬಂದಿಲ್ಲ ಎಂಬುದು ಮಂಡಳಿಯ ಉತ್ತರವಾಗಿತ್ತು. ಆಗಸ್ಟ್ 18ರ ಶುಕ್ರವಾರ ಸಿಕ್ಕಾ ರಾಜೀನಾಮೆ ಕೊಟ್ಟರು. ಮಂಡಳಿ ತನ್ನ ಹೇಳಿಕೆಯಲ್ಲಿ ಇದಕ್ಕೆ ಮೂರ್ತಿಯವರ ನಿರಂತರ ಟೀಕೆಯೇ ಕಾರಣವೆಂದಿತು, ಮೂರ್ತಿಯವರು ಅದನ್ನು ನಿರಾಕರಿಸಿದರು. ಅಂದು ಷೇರು ಸುಮಾರು ಶೇ 9.6ರಷ್ಟು ಕುಸಿದು 22,000 ಕೋಟಿ ರೂಪಾಯಿಗೂ ಹೆಚ್ಚಿನ ಮಾರುಕಟ್ಟೆ ಮೌಲ್ಯ ಒಂದೇ ದಿನದಲ್ಲಿ ಕರಗಿತು. ಮರುದಿನ ಮಂಡಳಿಯು ಷೇರಿಗೆ 1,150 ರೂಪಾಯಿಯಂತೆ 13,000 ಕೋಟಿ ರೂಪಾಯಿಯವರೆಗೆ ಷೇರು ಮರುಖರೀದಿಯನ್ನು ಘೋಷಿಸಿದರೂ ಸೋಮವಾರ ಇಳಿಕೆ ಮುಂದುವರಿಯಿತು.

ನಷ್ಟ ಅನುಭವಿಸಿದವರಲ್ಲಿ ಸಂಸ್ಥಾಪಕರೂ ಇದ್ದರು. ಅವರ ಕುಟುಂಬಗಳ ಬಳಿ ಆಗ ಸುಮಾರು ಶೇ 13ರಷ್ಟು ಷೇರುಗಳಿದ್ದವು. ಉಳಿದ ಶೇ 87ರಷ್ಟು ಷೇರುಗಳ ಒಡೆಯರಿಗೆ ಈ ಜಗಳದಲ್ಲಿ ಮಾತಿರಲಿಲ್ಲ, ನಷ್ಟದಲ್ಲಿ ಮಾತ್ರ ಪಾಲಿತ್ತು.

ಆಗಸ್ಟ್ 24ರಂದು ಅಧ್ಯಕ್ಷ ಆರ್. ಶೇಷಸಾಯಿ ಮತ್ತು ಕೆಲವು ನಿರ್ದೇಶಕರು ರಾಜೀನಾಮೆ ನೀಡಿ, ನಿಲೇಕಣಿಯವರು ಕಾರ್ಯನಿರ್ವಾಹಕರಲ್ಲದ ಅಧ್ಯಕ್ಷರಾಗಿ ಮರಳಿದರು. ಗಣೇಶ ಚತುರ್ಥಿಯ ರಜೆ ಕಳೆದು ಪೇಟೆ ತೆರೆದಾಗ ಷೇರು ಚೇತರಿಸಿಕೊಂಡಿತು. ಮೇಲ್ನೋಟಕ್ಕೆ ಇದು 2013ರ ಪುನರಾವರ್ತನೆ. ಆದರೆ ಒಂದು ವ್ಯತ್ಯಾಸವಿತ್ತು: ಈ ಬಾರಿ ಮರಳಿದವರು ಆಡಳಿತದ ಚುಕ್ಕಾಣಿಯನ್ನು ತಾವೇ ಹಿಡಿಯಲಿಲ್ಲ. ಹೊರಗಿನಿಂದ ಸಲಿಲ್ ಪಾರೇಖ್ ಅವರನ್ನು ಸಿಇಒ ಆಗಿ ಕರೆತಂದು (2018ರ ಜನವರಿ 2), ದೈನಂದಿನ ಕಾರ್ಯಭಾರವನ್ನು ಅವರಿಗೆ ಬಿಟ್ಟುಕೊಟ್ಟರು. 2021ರ ಆಗಸ್ಟ್‌ನಲ್ಲಿ ಕಂಪನಿಯ ಮಾರುಕಟ್ಟೆ ಮೌಲ್ಯ ಮೊದಲ ಬಾರಿಗೆ 10,000 ಕೋಟಿ ಡಾಲರ್‌ ಮುಟ್ಟಿತು. ಕೋವಿಡ್ ನಂತರ ತಂತ್ರಾಂಶ ಸೇವೆಗಳಿಗೆ ಬಂದ ಬೇಡಿಕೆಯೂ ಇದಕ್ಕೆ ದೊಡ್ಡ ಕಾರಣವಾದ್ದರಿಂದ, ಪೂರ್ಣ ಶ್ರೇಯಸ್ಸನ್ನು ಹಸ್ತಾಂತರಕ್ಕೆ ಕೊಡುವುದು ಅತಿಯಾದೀತು.

ವಿಪ್ರೊ

ವಿಪ್ರೊದಲ್ಲಿ ಮಾಲೀಕತ್ವ ಮತ್ತು ಆಡಳಿತ ಎರಡೂ ಒಂದೇ ಕುಟುಂಬದಲ್ಲಿವೆ. 1966ರಲ್ಲಿ ತಂದೆ ಎಂ. ಎಚ್. ಹಾಶಮ್ ಪ್ರೇಮ್‌ಜಿ ನಿಧನರಾದಾಗ ಅಜೀಂ ಪ್ರೇಮ್‌ಜಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವ್ಯಾಸಂಗ ಬಿಟ್ಟು ಬಂದು 21ನೆಯ ವಯಸ್ಸಿನಲ್ಲಿ ಅಮಳನೇರದ ವನಸ್ಪತಿ ತಯಾರಿಕಾ ಕಂಪನಿಯ ಹೊಣೆ ಹೊತ್ತರು. ಅನನುಭವಿ ಯುವಕನಿಂದ ಇದು ಸಾಗದು, ಪಾಲನ್ನು ಮಾರಿಬಿಡುವುದು ಲೇಸು ಎಂದು ವಾರ್ಷಿಕ ಸಭೆಯಲ್ಲಿ ಷೇರುದಾರರೊಬ್ಬರು ಅವರಿಗೆ ಹೇಳಿದ ಪ್ರಸಂಗ ಪ್ರಸಿದ್ಧವಾಗಿದೆ. ಉತ್ತರಾಧಿಕಾರಿಯ ಕುರಿತು ಷೇರುದಾರರ ಅಂದಾಜು ಎಷ್ಟು ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

53 ವರ್ಷಗಳ ನಂತರ, 2019ರ ಜುಲೈ 30ರಂದು, ಪ್ರೇಮ್‌ಜಿ ಕಾರ್ಯನಿರ್ವಾಹಕ ಅಧ್ಯಕ್ಷ ಸ್ಥಾನದಿಂದ ನಿವೃತ್ತರಾದರು. ಪುತ್ರ ರಿಷದ್ ಪ್ರೇಮ್‌ಜಿ ಆ ಸ್ಥಾನಕ್ಕೆ ಬರುವರೆಂದು ಜೂನ್‌ನಲ್ಲೇ ಪ್ರಕಟಿಸಲಾಗಿತ್ತು. ಅದಕ್ಕೂ ಮುನ್ನ ಅದೇ ಮಾರ್ಚ್‌ನಲ್ಲಿ, ವಿಪ್ರೊದ ಇನ್ನೂ ಶೇ 34ರಷ್ಟು ಷೇರುಗಳ ಆರ್ಥಿಕ ಫಲವನ್ನು ಪ್ರತಿಷ್ಠಾನಕ್ಕೆ ಮೀಸಲಿಡಲಾಗಿತ್ತು. ಇದರಿಂದ ಪ್ರತಿಷ್ಠಾನಕ್ಕೆ ಸಲ್ಲುವ ಒಟ್ಟು ಪಾಲು ಶೇ 67 ಆಯಿತು. ಮುಖ್ಯ ಒಡೆತನ ಎಲ್ಲಿಗೂ ಹೋಗದಿದ್ದುದರಿಂದ ಇಲ್ಲಿ ಮಾಲೀಕರ ನಿವೃತ್ತಿ ಬಿಕ್ಕಟ್ಟಾಗಲಿಲ್ಲ. ವಿಪ್ರೊದ ತೊಂದರೆ ಬೇರೆಡೆ ಇತ್ತು. ಅಬಿದಾಲಿ ನೀಮುಚ್‌ವಾಲಾ, ತಿಯೆರಿ ಡೆಲಪೋರ್ಟ್, ಶ್ರೀನಿವಾಸ್ ಪಲ್ಲಿಯಾ ಹೀಗೆ 2016ರಿಂದ 2024ರೊಳಗೆ ಮೂವರು ಸಿಇಒಗಳು ಬಂದರು. ಒಬ್ಬ ಮುಖ್ಯಸ್ಥನ ಯೋಜನೆ ಬೇರೂರುವ ಮೊದಲೇ ಇನ್ನೊಬ್ಬರು ಬರುವುದು ಕೂಡ ಷೇರುದಾರರಿಗೆ ದುಬಾರಿಯೇ.

ಆಕಸ್ಮಿಕ ಅಗಲಿಕೆ

ನಿವೃತ್ತಿಗೆ ಸಿದ್ಧತೆಯ ಅವಕಾಶವಿರುತ್ತದೆ, ಸಾವಿಗೆ ಇರುವುದಿಲ್ಲ. ಚಿಕ್ಕಮಗಳೂರು ಮೂಲದ ಕಾಫಿ ಡೇ ಸಂಸ್ಥೆಯ ಸಂಸ್ಥಾಪಕ ವಿ. ಜಿ. ಸಿದ್ಧಾರ್ಥ ಅವರು 2019ರ ಜುಲೈ ಕೊನೆಯಲ್ಲಿ ನಿಧನರಾದರು. ಅವರು ನಾಪತ್ತೆಯಾದ ಸುದ್ದಿ ಬಂದ ಜುಲೈ 30ರಂದು ಕಾಫಿ ಡೇ ಎಂಟರ್‌ಪ್ರೈಸಸ್ ಷೇರು ಒಂದು ದಿನಕ್ಕೆ ಅನುಮತಿಸಿದ ಗರಿಷ್ಠ ಮಿತಿಯಾದ ಶೇ 20ರಷ್ಟು ಇಳಿದು ವಹಿವಾಟು ನಿಂತಿತು. ನಂತರವೂ ಇಳಿಕೆ ಸಾಗಿತು. ರಾಜ್ಯದ ಮಾಜಿ ಮುಖ್ಯ ಕಾರ್ಯದರ್ಶಿ ಎಸ್. ವಿ. ರಂಗನಾಥ್ ಹಂಗಾಮಿ ಅಧ್ಯಕ್ಷರಾದರು. 2020ರ ಡಿಸೆಂಬರ್‌ನಲ್ಲಿ ಮಾಳವಿಕಾ ಹೆಗ್ಡೆ ಸಿಇಒ ಹೊಣೆ ಹೊತ್ತು, ಆಸ್ತಿಗಳ ಮಾರಾಟದ ಮೂಲಕ ಸಾಲವನ್ನು ಗಣನೀಯವಾಗಿ ಇಳಿಸಿದರು. ಈ ಪ್ರಕರಣದಲ್ಲಿ ಸಾಲದ ಹೊರೆಯೂ ಸೇರಿಕೊಂಡಿರುವುದರಿಂದ ಇದನ್ನು ನಾಯಕತ್ವದ ನಷ್ಟಕ್ಕೆ ಮಾತ್ರ ಅಳತೆಯಾಗಿ ಬಳಸಲಾಗದು.

ಇತರ ದೇಶಗಳ ನಿದರ್ಶನಗಳು

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಈ ವಿಷಯದ ಪಠ್ಯಗಳಲ್ಲಿ ಪದೇ ಪದೇ ಬರುತ್ತದೆ. 1981ರಿಂದ 2001ರವರೆಗೆ ಸಿಇಒ ಆಗಿದ್ದ ಜ್ಯಾಕ್ ವೆಲ್ಚ್ ಕಾಲದಲ್ಲಿ ಕಂಪನಿಯ ಮಾರುಕಟ್ಟೆ ಮೌಲ್ಯ ಸುಮಾರು 1,400 ಕೋಟಿ ಡಾಲರ್‌ನಿಂದ 40,000 ಕೋಟಿ ಡಾಲರ್‌ನ ಆಸುಪಾಸಿಗೆ ಬೆಳೆಯಿತು. ಉತ್ತರಾಧಿಕಾರಿಯನ್ನು ವರ್ಷಗಟ್ಟಲೆ ಪರೀಕ್ಷಿಸಿ ಆರಿಸಲಾಗಿತ್ತು. ಆದರೂ ಜೆಫ್ರಿ ಇಮೆಲ್ಟ್ ಅವರ ಅವಧಿಯಲ್ಲಿ ಆ ಮೌಲ್ಯ ಉಳಿಯಲಿಲ್ಲ. 2018ರಲ್ಲಿ ಕಂಪನಿ ಡೌ ಜೋನ್ಸ್ ಸೂಚ್ಯಂಕದಿಂದ ಹೊರಬಿತ್ತು, 2024ರ ವೇಳೆಗೆ ಮೂರು ಹೋಳಾಯಿತು. ವೆಲ್ಚ್ ನಿವೃತ್ತಿಯಿಂದ ಕಂಪನಿ ಕುಸಿಯಿತೇ, ಅಥವಾ ಅವರ ಕೊನೆಯ ವರ್ಷಗಳ ಬೆಲೆಯೇ ಉಬ್ಬಿತ್ತೇ ಎಂಬ ವಾದ ಇನ್ನೂ ನಡೆಯುತ್ತಿದೆ. 2000ದ ಹೊತ್ತಿಗೆ ಹೂಡಿಕೆದಾರರು ಆ ಕಂಪನಿಯ ಗಳಿಕೆಯ ಸುಮಾರು 40 ಪಟ್ಟು ಕೊಡುತ್ತಿದ್ದರು ಎಂಬುದನ್ನು ನೆನೆದರೆ ಎರಡನೆಯ ವಾದಕ್ಕೆ ಬಲ ಹೆಚ್ಚು.

ಆ್ಯಪಲ್‌ನಲ್ಲಿ ಇದಕ್ಕೆ ವಿರುದ್ಧವಾದದ್ದು ನಡೆಯಿತು. 2011ರ ಆಗಸ್ಟ್ 24ರಂದು ಸ್ಟೀವ್ ಜಾಬ್ಸ್ ರಾಜೀನಾಮೆ ಕೊಟ್ಟ ಮರುದಿನ ಷೇರು ಶೇ 1ರಷ್ಟೂ ಇಳಿಯಲಿಲ್ಲ. ಅವರ ಅನಾರೋಗ್ಯ ತಿಳಿದಿತ್ತು, ಟಿಮ್ ಕುಕ್ ಆಗಲೇ ಆಡಳಿತ ನೋಡಿಕೊಳ್ಳುತ್ತಿದ್ದರು. 2018ರ ಆಗಸ್ಟ್‌ನಲ್ಲಿ ಆ್ಯಪಲ್ ಒಂದು ಲಕ್ಷ ಕೋಟಿ ಡಾಲರ್‌ ಮೌಲ್ಯ ತಲುಪಿತು. ಮೈಕ್ರೋಸಾಫ್ಟ್‌ನಲ್ಲಂತೂ 2013ರ ಆಗಸ್ಟ್‌ನಲ್ಲಿ ಸ್ಟೀವ್ ಬಾಮರ್ ನಿವೃತ್ತಿ ಪ್ರಕಟಿಸಿದ ದಿನ ಷೇರು ಸುಮಾರು ಶೇ 7 ಏರಿತು. ಅವರ ನಂತರ ಬಂದವರು ಮಣಿಪಾಲದಲ್ಲಿ ಎಂಜಿನಿಯರಿಂಗ್ ಓದಿದ ಸತ್ಯ ನಾದೆಲ್ಲಾ. ಬರ್ಕ್‌ಷೈರ್ ಹ್ಯಾಥವೇಯ ವಾರನ್ ಬಫೆಟ್ ವರ್ಷಾಂತ್ಯಕ್ಕೆ ಸಿಇಒ ಹುದ್ದೆ ಬಿಡುವುದಾಗಿ 2025ರ ಮೇ 3ರಂದು ಹೇಳಿದಾಗ, ಉತ್ತರಾಧಿಕಾರಿ ಗ್ರೆಗ್ ಏಬಲ್ ಹೆಸರು ನಾಲ್ಕು ವರ್ಷಗಳಿಂದ ಗೊತ್ತಿದ್ದರೂ, ಷೇರು ಸುಮಾರು ಶೇ 5 ಇಳಿಯಿತು. ಅಂತಹ ಕಂಪನಿಯಲ್ಲಿ ಬೆಲೆಯ ಒಂದು ಭಾಗ ಆ ವ್ಯಕ್ತಿಗೇ ಸೇರಿದ್ದು ಎಂಬುದಕ್ಕೆ ಇದು ಸಾಕ್ಷಿ.

ಸಂಶೋಧನೆಗಳು

ಜೆರಾಲ್ಡ್ ವಾರ್ನರ್, ರಾಸ್ ವಾಟ್ಸ್ ಮತ್ತು ಕ್ಯಾರನ್ ರಕ್ ಅವರ 1988ರ ಅಧ್ಯಯನದಲ್ಲಿ, ಉನ್ನತ ಆಡಳಿತ ಬದಲಾವಣೆಯ ಪ್ರಕಟಣೆಗೆ ಷೇರು ಬೆಲೆಗಳು ಸರಾಸರಿಯಲ್ಲಿ ಗಮನಾರ್ಹವಾಗಿ ಸ್ಪಂದಿಸುವುದಿಲ್ಲ ಎಂದು ಕಂಡುಬಂದಿತು. ಏರಿದವೂ ಇಳಿದವೂ ಒಂದನ್ನೊಂದು ಅಳಿಸಿಹಾಕುವುದರಿಂದ ಸರಾಸರಿ ಮೌನವಾಗಿರುತ್ತದೆ. ಬ್ರೂಸ್ ಜಾನ್ಸನ್ ಮತ್ತು ಸಂಗಡಿಗರು 1985ರಲ್ಲಿ ಮುಖ್ಯಸ್ಥರ ಹಠಾತ್ ಸಾವುಗಳನ್ನು ಪರಿಶೀಲಿಸಿದಾಗ, ಸಂಸ್ಥಾಪಕರು ತೀರಿಕೊಂಡ ಸಂದರ್ಭಗಳಲ್ಲಿ ಷೇರು ಬೆಲೆ ಏರುವ ಪ್ರವೃತ್ತಿ ಕಂಡಿತು. ಸಂಸ್ಥಾಪಕರು ತಮ್ಮ ಉಪಯುಕ್ತತೆ ಮೀರಿದ ಮೇಲೂ ಸ್ಥಾನದಲ್ಲಿ ಉಳಿಯಬಲ್ಲರು ಎಂಬುದು ಇದಕ್ಕೆ ಕೊಡುವ ವಿವರಣೆ. ಕೇಳಲು ಕಠೋರವಾದರೂ ವಿವರಣೆ ತರ್ಕಬದ್ಧವಾಗಿದೆ. ಹೆಸರಾಂತ ವ್ಯಕ್ತಿಯೊಬ್ಬನೇ ಕಂಪನಿಯನ್ನು ಉಳಿಸಬಲ್ಲ ಎಂಬ ನಂಬಿಕೆಯನ್ನು ರಾಕೇಶ್ ಖುರಾನಾ 2002ರ ತಮ್ಮ ಕೃತಿಯಲ್ಲಿ ವಿಮರ್ಶಿಸಿದ್ದಾರೆ.

ಭಾರತದ ಕಾನೂನು

2013ರ ಕಂಪನಿ ಕಾಯ್ದೆಯ 196ನೆಯ ಕಲಮಿನಂತೆ ವ್ಯವಸ್ಥಾಪಕ ನಿರ್ದೇಶಕರನ್ನು ಒಂದು ಬಾರಿಗೆ ಐದು ವರ್ಷಕ್ಕಿಂತ ಹೆಚ್ಚು ಅವಧಿಗೆ ನೇಮಿಸುವಂತಿಲ್ಲ. 70 ವರ್ಷ ಮೀರಿದವರ ನೇಮಕಕ್ಕೆ ಷೇರುದಾರರ ವಿಶೇಷ ನಿರ್ಣಯ ಬೇಕು. ಷೇರುಪೇಟೆ ನಿಯಂತ್ರಣ ಮಂಡಳಿಯಾದ ಸೆಬಿಯ 2015ರ ನಿಯಮಗಳ ಪ್ರಕಾರ, ನೋಂದಾಯಿತ ಕಂಪನಿಯ ಮಂಡಳಿ ಕ್ರಮಬದ್ಧ ಉತ್ತರಾಧಿಕಾರದ ಯೋಜನೆ ಇದೆಯೆಂದು ಖಚಿತಪಡಿಸಿಕೊಳ್ಳಬೇಕು, ಮುಖ್ಯಸ್ಥರ ಬದಲಾವಣೆಯನ್ನು ವಿನಿಮಯ ಕೇಂದ್ರಗಳಿಗೆ ಕೂಡಲೇ ತಿಳಿಸಬೇಕು. ಯೋಜನೆಯನ್ನು ಷೇರುದಾರರಿಗೆ ತೋರಿಸಲೇಬೇಕೆಂಬ ಕಡ್ಡಾಯವಿಲ್ಲ. ಹಾಗಾಗಿ ನಿಯಮ ಪಾಲನೆಯಾಗಿದೆಯೇ ಎಂಬುದು ಮುಖ್ಯಸ್ಥರು ಹೋದ ಮೇಲೆಯೇ ಹೊರಗಿನವರಿಗೆ ತಿಳಿಯುತ್ತದೆ.

ಬ್ಯಾಂಕುಗಳಿಗೆ ನಿಯಮ ಇನ್ನೂ ಬಿಗಿ. ರಿಸರ್ವ್ ಬ್ಯಾಂಕ್ 2021ರ ಏಪ್ರಿಲ್‌ನಲ್ಲಿ ಖಾಸಗಿ ಬ್ಯಾಂಕುಗಳ ಮುಖ್ಯಸ್ಥರ ಅವಧಿಯನ್ನು 15 ವರ್ಷಕ್ಕೆ, ವಯಸ್ಸನ್ನು 70ಕ್ಕೆ ಮಿತಿಗೊಳಿಸಿತು. ಎಚ್‌ಡಿಎಫ್‌ಸಿ ಬ್ಯಾಂಕನ್ನು 26 ವರ್ಷ ನಡೆಸಿದ ಆದಿತ್ಯ ಪುರಿ ಇದಕ್ಕೆ ಮುನ್ನವೇ, 70 ತುಂಬಿದ 2020ರ ಅಕ್ಟೋಬರ್‌ನಲ್ಲಿ ನಿವೃತ್ತರಾಗಿದ್ದರು. ಕೋಟಕ್ ಮಹೀಂದ್ರಾ ಬ್ಯಾಂಕಿನ ಸಂಸ್ಥಾಪಕ ಉದಯ್ ಕೋಟಕ್ ತಮ್ಮ ಅವಧಿ ಡಿಸೆಂಬರ್ ಕೊನೆಗೆ ಮುಗಿಯಲಿದ್ದರೂ 2023ರ ಸೆಪ್ಟೆಂಬರ್ 1ರಂದೇ ಹುದ್ದೆ ತೊರೆದರು. ಸಂಸ್ಥಾಪಕರಲ್ಲದ ಅಶೋಕ್ ವಾಸ್ವಾನಿ 2024ರ ಜನವರಿ 1ರಂದು ಅವರ ಸ್ಥಾನಕ್ಕೆ ಬಂದರು.